ವೀಣೆಯ ಮೆಟ್ಟಿಲು ಮತ್ತು ಗೋವಿಂದ ದೀಕ್ಷಿತರು

ನಮ್ಮ ತಂದೆಯವರು ಗುಬ್ಬಿಯಲ್ಲಿ ಬಡಗಿಗಳು. ಕುಣಿಗಲ್ ಕಡೆಯ ತೋಟಗಳಿಂದ ಬರುವ ಹಲಸಿನ ದಿಮ್ಮಿಗಳನ್ನು ಕೊಯ್ದು ಬಾಗಿಲು, ಕಿಟಕಿ, ಮಂಚಗಳನ್ನು ಮಾಡುವುದು ಅವರ ಕಸುಬು. ಕಳೆದ ವರ್ಷ ಪರಿಚಿತರೊಬ್ಬರು ಮೆಟ್ಟಿಲುಗಳೆಲ್ಲ ಕಳಚಿಹೋಗಿದ್ದ ಹಳೆಯ ವೀಣೆಯೊಂದನ್ನು ದುರಸ್ತಿಗೆ ತಂದಿಟ್ಟರು. ತಂದೆಯವರು ಕೊಡದ ಬಿರುಕನ್ನು ಕೂಡಿಸಿದರು; ಮೆಟ್ಟಿಲುಗಳನ್ನು ಮಾತ್ರ ಮುಟ್ಟಲಿಲ್ಲ. ಅವುಗಳ ಲೆಕ್ಕ ತಮಗೆ ತಿಳಿಯದೆಂದೂ, ಓದಿದವನಾದ ನಾನೇ ತಿಳಿದುಬರಬೇಕೆಂದೂ ಹೇಳಿದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ತುಮಕೂರಿನಲ್ಲಿ ಪುಸ್ತಕಗಳನ್ನು ಹುಡುಕುತ್ತ ಹೋದಾಗ ನನಗೆ ಎದುರಾದ ಮಹನೀಯರು ಗೋವಿಂದ ದೀಕ್ಷಿತರು.

ದೀಕ್ಷಿತರು ಹೊಯ್ಸಳ ಕರ್ನಾಟಕ ಪಂಗಡದ ಕನ್ನಡಿಗರು. 1565ರ ತಾಳೀಕೋಟೆಯ ಯುದ್ಧದ ಬಳಿಕ ವಿಜಯನಗರದ ವೈಭವ ಕುಂದಿತು. ವಿದ್ವಾಂಸರಿಗೂ ಕಲಾವಿದರಿಗೂ ತಂಜಾವೂರಿನ ನಾಯಕ ಅರಸರ ಆಸ್ಥಾನವು ಆಶ್ರಯವಾಯಿತು. ಅಲ್ಲಿ ಅಚ್ಯುತಪ್ಪ ನಾಯಕನಿಗೂ ಅವನ ಮಗ ರಘುನಾಥ ನಾಯಕನಿಗೂ ದೀಕ್ಷಿತರು ಮಂತ್ರಿಗಳಾಗಿದ್ದರು. ಅರಸರು ವೈಷ್ಣವರು, ಮಂತ್ರಿಗಳು ಅದ್ವೈತಿಗಳು. ಆದರೂ ಪರಸ್ಪರ ಗೌರವಕ್ಕೆ ಕುಂದು ಬರಲಿಲ್ಲ. ತಮಗೆ ತುಲಾಭಾರವಾಗಿ ಬಂದ ಹೊನ್ನನ್ನು ಮನೆಗೊಯ್ಯದೆ, ಕುಂಭಕೋಣದ ಮಹಾಮಖಂ ಪುಷ್ಕರಿಣಿಯ ಸುತ್ತ 16 ಮಂಟಪಗಳನ್ನು ಕಟ್ಟಿಸಲು ವಿನಿಯೋಗಿಸಿದರೆಂದು ಪ್ರತೀತಿಯಿದೆ.

ಇಂತಹ ರಾಜಕಾರ್ಯಧುರಂಧರರು ಸಂಗೀತಶಾಸ್ತ್ರದಲ್ಲಿಯೂ ಪಾರಂಗತರಾಗಿದ್ದುದು ಅಚ್ಚರಿಯ ಸಂಗತಿ. ರಘುನಾಥನ ಹೆಸರಿನಲ್ಲಿರುವ 'ಸಂಗೀತಸುಧಾ' ಗ್ರಂಥವನ್ನು ರಚಿಸಿದವರು ತಮ್ಮ ತಂದೆಯೇ ಎಂದು ದೀಕ್ಷಿತರ ಮಗ ವೆಂಕಟಮಖಿ ತಿಳಿಸಿದ್ದಾನೆ. ವಿದ್ಯಾರಣ್ಯರ 'ಸಂಗೀತಸಾರ' ನಮಗೆ ದೊರೆತಿಲ್ಲ. ಅದರಲ್ಲಿದ್ದ 15 ಮೇಳ, 50 ರಾಗಗಳ ವಿಚಾರ ಉಳಿದುಬಂದಿರುವುದು ಈ ಗ್ರಂಥದಿಂದಲೇ.

ಹಿಂದೆ ವೀಣೆಗೆ ಮೆಟ್ಟಿಲುಗಳನ್ನು ಕೂರಿಸುವ ಕ್ರಮಗಳು ಎರಡು. ಒಂದು ರಾಗಕ್ಕೆ ಬೇಕಾದ ಸ್ವರಗಳಿಗೆ ಮಾತ್ರ ಮೆಟ್ಟಿಲಿಟ್ಟರೆ ಅದು ಏಕರಾಗಮೇಳ. ರಾಗ ಬದಲಾದರೆ ಮೆಟ್ಟಿಲನ್ನೂ ಸರಿಸಬೇಕು. ಎಲ್ಲ ಸ್ವರಗಳಿಗೂ ಮೆಟ್ಟಿಲಿಟ್ಟರೆ ಅದು ಸರ್ವರಾಗಮೇಳ. ರಘುನಾಥನ ಕಾಲದಲ್ಲಿ, ದೀಕ್ಷಿತರ ಮಾರ್ಗದರ್ಶನದಲ್ಲಿ, ಸ್ಥಾಯಿಗೆ 12ರಂತೆ ಎರಡು ಸ್ಥಾಯಿಗಳಿಗೆ 24 ಮೆಟ್ಟಿಲುಗಳು ಸ್ಥಿರವಾದುವೆಂದು ಸಂಗೀತಪರಂಪರೆ ಹೇಳುತ್ತದೆ. ಇಂದಿನ ಸರಸ್ವತೀವೀಣೆಯ ರೂಪ ಇದೇ. ಒಂದೇ ವಾದ್ಯದಲ್ಲಿ, ಒಂದೇ ಕುಳಿತದಲ್ಲಿ, ಯಾವ ರಾಗವನ್ನಾದರೂ ನುಡಿಸಬಹುದಾಯಿತು. ಆ 12 ಸ್ವರಸ್ಥಾನಗಳನ್ನೇ ಆಧಾರವಾಗಿಟ್ಟುಕೊಂಡು ವೆಂಕಟಮಖಿ 'ಚತುರ್ದಂಡೀಪ್ರಕಾಶಿಕೆ'ಯಲ್ಲಿ 72 ಮೇಳಗಳ ಯೋಜನೆಯನ್ನು ರೂಪಿಸಿದನು.

ನಾನು ಊರಿಗೆ ಹೋಗಿ ಲೆಕ್ಕವನ್ನು ಒಪ್ಪಿಸಿದೆ. ತಂತಿಯ ಉದ್ದದ ಅರ್ಧದಲ್ಲಿ 12ನೆಯ ಮೆಟ್ಟಿಲು, ಉಳಿದರ್ಧದ ಅರ್ಧದಲ್ಲಿ 24ನೆಯದು. ನಡುವಿನ ಅಂತರಗಳು ಕುದುರೆಯ ಕಡೆಗೆ ಸಾಗಿದಂತೆ ಕಿರಿದಾಗುತ್ತವೆ. ಪಾಶ್ಚಾತ್ಯರ ಗಿಟಾರಿನಲ್ಲಿಯೂ 12ನೆಯ ಮೆಟ್ಟಿಲಿನ ಸ್ಥಾನ ಇದೇ. ಹಳೆಯ ಮಾದರಿಯ ಗಿಟಾರುಗಳಲ್ಲಿ ಕತ್ತು ಒಡಲನ್ನು ಕೂಡುವುದೂ ಅಲ್ಲಿಯೇ. ತಂದೆಯವರು ದಾರ ಹಿಡಿದು ಅಳೆದು, ದಂಡಿಯ ಮೇಲೆ ಎರಡು ಗುರುತು ಹಾಕಿದರು. ಮಿಕ್ಕ ಸ್ಥಾನಗಳಿಗೆ ಸಂಗೀತ ಬಲ್ಲವರ ಕಿವಿಯೇ ಪ್ರಮಾಣ. ಮಸಿ ಬೆರೆಸಿದ ಮೇಣದಲ್ಲಿ ಹಿತ್ತಾಳೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಒತ್ತಿ, ನುಡಿಸಿ ನೋಡಿ, ಸರಿಸಿ, ಕೊನೆಗೆ ನಿಲ್ಲಿಸಿದರು. ವೀಣೆ ಮಾತನಾಡಿತು.

ಆ ರಾತ್ರಿ ಊಟಕ್ಕೆ ಕುಳಿತಾಗ ತಂದೆಯವರಿಗೆ ದೀಕ್ಷಿತರ ಕಥೆಯನ್ನು ಹೇಳಿದೆ. ಎಲ್ಲವನ್ನೂ ಕೇಳಿದ ಮೇಲೆ, ಆ ವೀಣೆಯ ಮರಗೆಲಸ ಮಾಡಿದವನು ಯಾರೆಂದು ಅವರು ಕೇಳಿದರು. ನಾನು ಓದಿದ ಪುಸ್ತಕಗಳಲ್ಲಿ ಅರಸನ ಹೆಸರಿತ್ತು, ಮಂತ್ರಿಯ ಹೆಸರಿತ್ತು, ಬಡಗಿಯ ಹೆಸರಿರಲಿಲ್ಲ. ಪಟ್ಟೀಶ್ವರದ ದೇವಾಲಯದಲ್ಲಿ ದೀಕ್ಷಿತ ದಂಪತಿಗಳ ಪ್ರತಿಮೆಗಳಿವೆ. ಎಂದಾದರೂ ಅಲ್ಲಿಗೆ ಹೋದರೆ ಆ ಮಹನೀಯರಿಗೆ ಕೈಮುಗಿಯುವೆನು. ಅವರು ಎಣಿಸಿದುದನ್ನು ಉಳಿ ಹಿಡಿದು ಮಾಡಿ ತೋರಿಸಿದ ಆ ಹೆಸರಿಲ್ಲದವನಿಗೂ ಅಲ್ಲಿಯೇ ಕೈಮುಗಿಯುವೆನು.