ಗಂಧಕವುಣ್ಣುವ ಜೀವಿಗಳನ್ನು ಅರಿತ ಸೆರ್ಗೆಯ್ ವಿನೊಗ್ರಾಡ್‌ಸ್ಕಿ

ಶೇಂಗಾ ಹೊಲಕ್ಕೆ ನೀವು ಹಾಕುವ ಗಂಧಕದ ಪುಡಿಯನ್ನು ಬೇರುಗಳು ಇದ್ದಂತೆಯೇ ಹೀರಲಾರವು. ಅದು ಸಲ್ಫೇಟ್ ಆಗಿ ಮಾರ್ಪಟ್ಟ ಮೇಲೆಯೇ ಬೆಳೆಗೆ ದೊರೆಯುತ್ತದೆ. ಈ ಮಾರ್ಪಾಡು ಬಹುಪಾಲು ಮಣ್ಣಿನ ಸೂಕ್ಷ್ಮಜೀವಿಗಳ ಕೆಲಸ. ಗಂಧಕವೇ ಆಹಾರವಾಗಿರುವ ಜೀವಿಗಳುಂಟೆಂದು ಜಗತ್ತಿಗೆ ತೋರಿಸಿಕೊಟ್ಟವರು ಸೆರ್ಗೆಯ್ ವಿನೊಗ್ರಾಡ್‌ಸ್ಕಿ.

ಅವರು 1856ರಲ್ಲಿ ಕೀವ್ ನಗರದಲ್ಲಿ ಜನಿಸಿದರು. ಕೆಲಕಾಲ ಪಿಯಾನೋ ಕಲಿತು, ಅದನ್ನು ಬಿಟ್ಟು ಸಸ್ಯಶಾಸ್ತ್ರದ ಕಡೆಗೆ ಹೊರಳಿದರು. 1885ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಆಂಟನ್ ಡಿ ಬಾರಿಯವರ ಪ್ರಯೋಗಾಲಯವನ್ನು ಸೇರಿ, ಗಂಧಕದ ಬುಗ್ಗೆಗಳಲ್ಲಿ ಬಿಳಿ ಎಳೆಗಳಂತೆ ಬೆಳೆಯುವ ಬೆಗ್ಗಿಯಾಟೋವಾ ಎಂಬ ಬ್ಯಾಕ್ಟೀರಿಯಾವನ್ನು ಸೂಕ್ಷ್ಮದರ್ಶಕದಡಿ ಸಾಕಿದರು. ಹೈಡ್ರೋಜನ್ ಸಲ್ಫೈಡ್ ಬೆರೆತ ನೀರು ದೊರೆತಾಗ ಎಳೆಗಳೊಳಗೆ ಗಂಧಕದ ಕಣಗಳು ತುಂಬಿಕೊಳ್ಳುತ್ತಿದ್ದವು. ಅದು ಇಲ್ಲವಾದಾಗ ಕಣಗಳು ಕರಗಿ ಗಂಧಕಾಮ್ಲವಾಗುತ್ತಿದ್ದವು. ಆ ಕಣಗಳು ಜೀವಿಯ ಉಗ್ರಾಣವೆಂದೂ, ಅವುಗಳ ಉತ್ಕರ್ಷಣದಿಂದಲೇ ಅದು ಶಕ್ತಿ ಪಡೆಯುತ್ತದೆಂದೂ 1887ರಲ್ಲಿ ಅವರು ಪ್ರಕಟಿಸಿದರು.

ಬಳಿಕ ಜ್ಯೂರಿಕ್‌ನಲ್ಲಿ ನೈಟ್ರೇಟ್ ಉಂಟುಮಾಡುವ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿದರು. ರಷ್ಯಾದ ಕ್ರಾಂತಿಯಲ್ಲಿ ಆಸ್ತಿಯೆಲ್ಲ ಹೋಯಿತು. 1922ರಲ್ಲಿ, ಇತರರು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ, ಪಾಶ್ಚರ್ ಸಂಸ್ಥೆಯ ಕರೆಯಂತೆ ಪ್ಯಾರಿಸ್ ಬಳಿಯ ಬ್ರೀ-ಕೋಂಟ್-ರೊಬೇರ್‌ಗೆ ಬಂದು ಮಣ್ಣಿನ ಅಧ್ಯಯನವನ್ನು ಮತ್ತೆ ಕೈಗೆತ್ತಿಕೊಂಡರು. ಪ್ರಯೋಗಾಲಯದ ಪುಷ್ಟಿಕರ ದ್ರಾವಣಗಳಲ್ಲಿ ಬೆಳೆಸಿದ ಜೀವಿಗಳಿಗಿಂತ, ಮಣ್ಣಿನ ಸಹಜ ಸ್ಥಿತಿಯಲ್ಲೇ ಅವನ್ನು ನೋಡಬೇಕೆಂಬುದು ಅವರ ಹಟವಾಗಿತ್ತು. 1953ರಲ್ಲಿ ತೀರಿಕೊಂಡಾಗ ಅವರಿಗೆ 96 ವರ್ಷ.

ನಿಮ್ಮ ಹೊಲದಲ್ಲಿ ಈ ಕೆಲಸ ಮಾಡುವವು ಹೆಚ್ಚಾಗಿ ಥಯೋಬ್ಯಾಸಿಲಸ್ ಮುಂತಾದ ಬೇರೆ ಜೀವಿಗಳು. ಆದರೆ ನಿಯಮ ಅದೇ. ಅವಕ್ಕೆ ಹದವಾದ ತೇವ, ಗಾಳಿ, ಬೆಚ್ಚನೆಯ ಮಣ್ಣು ಬೇಕು. ಒಣಗಿದ ನೆಲದಲ್ಲಿ ಪುಡಿ ಪುಡಿಯಾಗಿಯೇ ಉಳಿಯುತ್ತದೆ. ನೀರು ನಿಂತರೆ ಗಾಳಿಯಿಲ್ಲದೆ ಕೆಲಸ ನಿಲ್ಲುವುದಲ್ಲದೆ, ಇರುವ ಸಲ್ಫೇಟ್ ಕೂಡ ಸಲ್ಫೈಡ್ ಆಗಬಹುದು. ಮರಳು ಮಣ್ಣಿನಲ್ಲಿ ಸಲ್ಫೇಟ್ ಮಳೆನೀರಿನೊಡನೆ ಬೇರಿನ ಕೆಳಗೆ ಇಳಿದುಹೋಗುತ್ತದೆ. ಆದುದರಿಂದ ನುಣುಪಾದ ಪುಡಿಯನ್ನೇ ಆರಿಸಿ, ಬಿತ್ತನೆಗೆ ಮೂರು-ನಾಲ್ಕು ವಾರ ಮೊದಲೇ ತೇವವಿರುವ ಮಣ್ಣಿಗೆ ಬೆರೆಸಿರಿ. ಈ ಕ್ರಿಯೆಯಲ್ಲಿ ಆಮ್ಲ ಹುಟ್ಟುವುದರಿಂದ ಸುಣ್ಣದಂಶವುಳ್ಳ ಕಪ್ಪು ಭೂಮಿಗೆ ಪುಡಿ ಒಪ್ಪುತ್ತದೆ. ಮಲೆನಾಡಿನ ಹುಳಿ ಮಣ್ಣಿಗೆ ಜಿಪ್ಸಂ ಲೇಸು. ನಿಂತ ಬೆಳೆಯ ಎಳೆಯ ಎಲೆಗಳು ಗಂಧಕದ ಕೊರತೆಯಿಂದ ಆಗಲೇ ಹಳದಿಗೆ ತಿರುಗಿದ್ದರೆ ಪುಡಿಯನ್ನು ನೆಚ್ಚಬೇಡಿರಿ. ಸಲ್ಫೇಟ್ ರೂಪದಲ್ಲೇ ಇರುವ ಅಮೋನಿಯಂ ಸಲ್ಫೇಟನ್ನು ಕೊಡಿರಿ.