ಕಾಯಕಯೋಗಿ ಹರ್ಡೇಕರ ಮಂಜಪ್ಪನವರು

ಸಿರಿವಂತರ ಮನೆಯಲ್ಲಿ ಹುಟ್ಟಿ ಸರ್ವಸ್ವವನ್ನೂ ತೊರೆದ ತ್ಯಾಗಿಗಳ ಚರಿತ್ರೆಗಳು ನಮ್ಮಲ್ಲಿ ಅನೇಕ ಉಂಟು. ತೊರೆಯುವುದಕ್ಕೆ ಏನೂ ಇಲ್ಲದ ಮನೆಯಲ್ಲಿ ಹುಟ್ಟಿಯೂ ತ್ಯಾಗಿಗಳೆನಿಸಿದವರು ವಿರಳ. ಕರ್ನಾಟಕದ ಗಾಂಧಿಯೆಂದು ನಾಡು ಗೌರವಿಸಿದ ಹರ್ಡೇಕರ ಮಂಜಪ್ಪನವರು ಅಂತಹ ವಿರಳರಲ್ಲಿ ಒಬ್ಬರು.

ಅವರು ಜನಿಸಿದ್ದು 1886ರ ಫೆಬ್ರವರಿ 18ರಂದು, ಕದಂಬರ ರಾಜಧಾನಿಯಾಗಿ ಮೆರೆದ ಬನವಾಸಿಯಲ್ಲಿ. ಊರಿನ ಪೂರ್ವವೈಭವಕ್ಕೂ ಮನೆಯ ಸ್ಥಿತಿಗೂ ಸಂಬಂಧವಿರಲಿಲ್ಲ, ಕುಟುಂಬದ್ದು ಕಡುಬಡತನ. ಆ ಬಡತನದಲ್ಲಿಯೇ ಓದಿ, 1903ರಲ್ಲಿ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಶಿರಸಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಾದರು. ಬಡವರ ಮನೆಯ ಹುಡುಗನಿಗೆ ಸರಕಾರಿ ನೌಕರಿಯೆಂದರೆ ಮುಳುಗುವವನಿಗೆ ದೊರೆತ ಹರಿಗೋಲು. ಆದರೆ 1905ರ ವಂಗಭಂಗದ ತರುವಾಯ ಸ್ವದೇಶಿ ಚಳವಳಿ ದೇಶವನ್ನೆಲ್ಲ ವ್ಯಾಪಿಸಿತು. ಲೋಕಮಾನ್ಯ ತಿಲಕರ ವಿಚಾರಗಳಿಂದ ಪ್ರೇರಿತರಾದ ಮಂಜಪ್ಪನವರು ಇಪ್ಪತ್ತರ ಹರೆಯದಲ್ಲಿ ಆ ಹರಿಗೋಲನ್ನು ತಾವಾಗಿಯೇ ಬಿಟ್ಟುಕೊಟ್ಟರು. ಹಸಿವನ್ನು ಬಲ್ಲವರು ಅನ್ನದ ದಾರಿಯನ್ನು ಬಿಡುವುದು ಸಾಮಾನ್ಯದ ಮಾತಲ್ಲ.

ಮುಂಬಯಿ ಪ್ರಾಂತದ ಶಿರಸಿಯಿಂದ ಮೈಸೂರು ಸಂಸ್ಥಾನದ ದಾವಣಗೆರೆಗೆ ಬಂದು, 1906ರಲ್ಲಿ ‘ಧನುರ್ಧಾರಿ’ ವಾರಪತ್ರಿಕೆಯನ್ನು ಆರಂಭಿಸಿದರು. 1908ರಲ್ಲಿ ಸಂಸ್ಥಾನವು ಪತ್ರಿಕಾ ನಿಯಂತ್ರಣ ಶಾಸನವನ್ನು ತಂದ ಮೇಲೆ ಪತ್ರಿಕಾವೃತ್ತಿ ಅಸಿಧಾರಾವ್ರತವೇ ಆಯಿತು. ಮುಂದೆ ಅವರು ಆಜನ್ಮ ಬ್ರಹ್ಮಚರ್ಯವನ್ನೂ ಸ್ವೀಕರಿಸಿದರು. ದಾವಣಗೆರೆಯ ವಿರಕ್ತಮಠದ ಶ್ರೀ ಮೃತ್ಯುಂಜಯ ಸ್ವಾಮಿಗಳೊಡಗೂಡಿ 1913ರಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆಚರಣೆಗೆ ತಂದರು. ಇಂದು ನಾಡಿನಾದ್ಯಂತ ನಡೆಯುವ ಆ ಉತ್ಸವದ ಬೀಜ ಬಿದ್ದದ್ದು ಈ ನೆಲದಲ್ಲಿ.

ಗಾಂಧೀಜಿಯವರ ಮಾರ್ಗ ಅವರನ್ನು ಇನ್ನೂ ಮುಂದಕ್ಕೆ ಸೆಳೆಯಿತು. ಹರಿಹರದ ತುಂಗಭದ್ರಾತೀರದಲ್ಲಿ ಸತ್ಯಾಗ್ರಹಾಶ್ರಮವನ್ನು ನೆಲೆಗೊಳಿಸಿ, ಖಾದಿ ಮತ್ತು ಸ್ವಾವಲಂಬನೆಯ ಬಾಳನ್ನು ತಾವೇ ಬಾಳಿ ತೋರಿಸಿದರು. ಕೊನೆಗೆ ಕೃಷ್ಣಾನದಿಯ ದಡದ ಆಲಮಟ್ಟಿಯನ್ನು ಸೇರಿ, 1927ರಲ್ಲಿ ವಿದ್ಯಾಲಯವನ್ನು ಸ್ಥಾಪಿಸಿದರು. ಶರಣರ ಕಾಯಕತತ್ತ್ವವೂ ಗಾಂಧೀಜಿಯವರ ಶ್ರಮತತ್ತ್ವವೂ ಅಲ್ಲಿ ಒಂದಾದವು. ನೌಕರಿಯನ್ನು ತೊರೆದ ಶಿಕ್ಷಕರು ಶಿಕ್ಷಣವನ್ನು ತೊರೆದಿರಲಿಲ್ಲವೆಂಬುದು ಅಲ್ಲಿ ಸಿದ್ಧವಾಯಿತು.

ತಮ್ಮ ಮೂವತ್ತು ವರುಷಗಳ ಸೇವೆಯನ್ನು ನೆನೆದು ಬರೆದ ಆತ್ಮಕಥನವನ್ನು ಅವರು ಸಾಧನೆಯೆಂದು ಕರೆಯಲಿಲ್ಲ, ಕಾಣಿಕೆಯೆಂದು ಕರೆದರು. ಅವರ ಜೀವನದ ಮರ್ಮವೇ ಆ ಒಂದು ಪದದಲ್ಲಿದೆ. ಹುಟ್ಟಿನಿಂದ ಬಂದ ಬಡತನ ವಿಧಿಯದು. ಅರಿತು ಆಯ್ದುಕೊಂಡ ಬಡತನ ವ್ರತ. ಮೊದಲನೆಯದು ಮನುಷ್ಯನನ್ನು ಕುಗ್ಗಿಸಬಲ್ಲದು, ಎರಡನೆಯದು ಅವನನ್ನು ಎತ್ತರಿಸುತ್ತದೆ. ಮಂಜಪ್ಪನವರು ಒಂದರಿಂದ ಇನ್ನೊಂದಕ್ಕೆ ನಡೆದುಹೋದರು. ಇವೆರಡರ ನಡುವೆ ಸಂಪತ್ತಿನ ಮನೆಯಲ್ಲಿ ತಂಗಲಿಲ್ಲ.

1947ರ ಜನವರಿ 3ರಂದು, ಸ್ವಾತಂತ್ರ್ಯದ ಬೆಳಗಿಗೆ ಏಳೆಂಟು ತಿಂಗಳಿರುವಾಗ, ಅವರು ಲಿಂಗೈಕ್ಯರಾದರು. ಶಾಲೆಯ ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತ ಬಡ ಬಾಲಕನಲ್ಲಿಯೂ ಇಂತಹ ಚೇತನ ಅಡಗಿರಬಹುದು. ಅದನ್ನು ಗುರುತಿಸುವ ಕಣ್ಣು ಗುರುಗಳಿಗೆ, ಪೋಷಿಸುವ ಕೈ ದಾನಿಗಳಿಗೆ ಇರಲಿ. ಆ ಪುಣ್ಯಪುರುಷರಿಗೆ ಸಲ್ಲುವ ನಿಜವಾದ ಸ್ಮರಣೆ ಅದೇ.