ಪ್ಲೇಗ್ ಕ್ಯಾಂಪಿನ ಡಾಕ್ಟರ್

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ನಾನು ಆರನೇ ತರಗತಿಯಲ್ಲಿದ್ದೆ. ಸ್ವಲ್ಪ ದಿನದಲ್ಲೇ ಶಿವಾಜಿನಗರದ ನಮ್ಮ ಗಲ್ಲಿಗೂ ಬ್ಯಾರಿಕೇಡ್ ಬಿತ್ತು. ನಮ್ಮ ಅಜ್ಜಿ ಜ್ವರ ಬಂದರೂ ಯಾರಿಗೂ ಹೇಳಲಿಲ್ಲ. ಕಾಯಿಲೆಗಿಂತ, ತಮ್ಮನ್ನು ಎಲ್ಲಿಗೋ ಕರೆದೊಯ್ಯುತ್ತಾರೆ ಎಂಬ ಭಯವೇ ಅವರಿಗೆ ಹೆಚ್ಚಾಗಿತ್ತು. 1898ರಲ್ಲಿ ಬೆಂಗಳೂರಿನ ಜನರಿಗೂ ಇದೇ ಭಯವಿತ್ತು. ಆಗ ಇಲ್ಲಿ ದುಡಿದ ಡಾ. ಪಲ್ಪು ಅವರ ಬಗ್ಗೆ ನಾವೆಲ್ಲ ತಿಳಿಯಬೇಕು.

ಪದ್ಮನಾಭನ್ ಪಲ್ಪು 1863ರ ನವೆಂಬರ್ 2ರಂದು ತಿರುವನಂತಪುರದಲ್ಲಿ ಹುಟ್ಟಿದರು. ಈಳವ ಜಾತಿಯವರಾದ್ದರಿಂದ ತಿರುವಾಂಕೂರಿನಲ್ಲಿ ಅವರಿಗೆ ವೈದ್ಯಕೀಯ ಓದಲು ಅವಕಾಶ ಸಿಗಲಿಲ್ಲ. ಮದರಾಸಿನಲ್ಲಿ ಓದಿ ಡಾಕ್ಟರಾದರು. ಊರಿನಲ್ಲಿ ಕೆಲಸ ಕೇಳಿದರೆ ಅದನ್ನೂ ಕೊಡಲಿಲ್ಲ. ಕೊನೆಗೆ ಮೈಸೂರು ಸಂಸ್ಥಾನ ಅವರನ್ನು ಸೇರಿಸಿಕೊಂಡಿತು. ಬೆಂಗಳೂರಿನಲ್ಲಿ ಅವರದು ಸಿಡುಬಿನ ಲಸಿಕೆ ತಯಾರಿಸುವ ಕೆಲಸ. ಆಗ ಆ ಲಸಿಕೆಯನ್ನು ಕರುಗಳಿಂದ ಪಡೆಯುತ್ತಿದ್ದರು.

1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಪ್ಲೇಗ್ ಬಂತು. ಪೇಟೆಗೂ ದಂಡಿಗೂ ಹರಡಿತು. ಪ್ರಯಾಣಿಕರನ್ನು ತಪಾಸಣೆ ಮಾಡಿದರು, ಮನೆಗಳಿಗೆ ಔಷಧಿ ಹೊಡೆದರು, ರೋಗಿಗಳನ್ನು ಊರ ಹೊರಗಿನ ಕ್ಯಾಂಪಿಗೆ ಸಾಗಿಸಿದರು. ಇದು ಇಲಿಗಳ ಚಿಗಟದಿಂದ ಬರುವ ರೋಗವೆಂದು ಹೆಚ್ಚಿನ ಡಾಕ್ಟರುಗಳೂ ಆಗ ಒಪ್ಪಿರಲಿಲ್ಲ. ಹೆದರಿದ ಜನ ರೋಗಿಗಳನ್ನು ಬಚ್ಚಿಟ್ಟರು. ಎಷ್ಟೋ ಕುಟುಂಬಗಳು ಊರನ್ನೇ ಬಿಟ್ಟವು. 1891ರಲ್ಲಿ 1,80,366 ಇದ್ದ ಪೇಟೆ ಮತ್ತು ದಂಡಿನ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿಯಿತು.

ಪಲ್ಪು ಮಾತ್ರ ಓಡಿಹೋಗಲಿಲ್ಲ. ಪ್ಲೇಗ್ ಕ್ಯಾಂಪಿನ ಹೊಣೆ ಹೊತ್ತು ರೋಗಿಗಳ ನಡುವೆಯೇ ಕೆಲಸ ಮಾಡಿದರು. ಹುಟ್ಟಿದ ಊರೇ ದೂರ ಇಟ್ಟಿದ್ದ ಮನುಷ್ಯ, ಬೇರೆ ಊರಿನಲ್ಲಿ ಎಲ್ಲರೂ ದೂರ ಇಟ್ಟವರ ಹತ್ತಿರ ನಿಂತರು.

ಮೈಸೂರು ಸರ್ಕಾರ ಅವರನ್ನು ಹೆಚ್ಚಿನ ಓದಿಗೆ ಇಂಗ್ಲೆಂಡಿಗೂ ಕಳಿಸಿತು. ತಮ್ಮ ಸಮುದಾಯದ ಹಕ್ಕಿಗಾಗಿ 1896ರಲ್ಲಿ ಅವರು 13,176 ಜನರ ಸಹಿಯಿದ್ದ ಮನವಿಯನ್ನು ತಿರುವಾಂಕೂರಿನ ಮಹಾರಾಜರಿಗೆ ಸಲ್ಲಿಸಿದ್ದರು. 1903ರಲ್ಲಿ ನಾರಾಯಣ ಗುರುಗಳೊಡನೆ ಎಸ್‌ಎನ್‌ಡಿಪಿ ಯೋಗಂ ಕಟ್ಟಿದರು. 1950ರ ಜನವರಿ 25ರಂದು ತೀರಿಕೊಂಡರು.

ದಂಡಿನ ಕಿಕ್ಕಿರಿದ ಗಲ್ಲಿಗಳಿಂದ ಜನರನ್ನು ಹೊರತರಲು 1910ರಲ್ಲಿ ಫ್ರೇಜರ್ ಟೌನ್ ಶುರುವಾಯಿತು. ಇವತ್ತು ನಮ್ಮಲ್ಲಿ ಎಷ್ಟೋ ಜನ ಆ ದಾರಿಯಲ್ಲೇ ಕಾಲೇಜಿಗೆ ಬರುತ್ತೇವೆ.

ನಮ್ಮ ಅಜ್ಜಿ ಕೊನೆಗೆ ಟೆಸ್ಟ್‌ಗೆ ಹೋದದ್ದು ಬ್ಯಾರಿಕೇಡ್‌ಗೆ ಹೆದರಿ ಅಲ್ಲ. ಒಬ್ಬ ಆಶಾ ಕಾರ್ಯಕರ್ತೆ ದಿನವೂ ಬಾಗಿಲಲ್ಲಿ ನಿಂತು ಉರ್ದುವಿನಲ್ಲಿ ಸಮಾಧಾನವಾಗಿ ಮಾತಾಡಿದ್ದಕ್ಕೆ. ರೋಗ ಹರಡದಂತೆ ಶಾಲೆ ಮುಚ್ಚಬೇಕು, ರಸ್ತೆ ಮುಚ್ಚಬೇಕು. ಆದರೆ ಒಳಗೆ ಉಳಿದವರ ಹತ್ತಿರ ಹೋಗುವವರೂ ಬೇಕು. ನಮ್ಮ ಕಾಲೇಜಿನಿಂದ ಮುಂದೆ ಡಾಕ್ಟರ್, ನರ್ಸ್ ಆಗುವವರು ಪಲ್ಪು ಅವರನ್ನು ನೆನಪಿಡಲಿ. ನಾನು ಕಾಮರ್ಸ್ ವಿದ್ಯಾರ್ಥಿ, ಆದರೂ ನೆನಪಿಡುತ್ತೇನೆ.